ಪ್ರೈವೇಟ್ ಕೀಗೆ ಗಟ್ಟಿ ಪಾಸ್‌ಫ್ರೇಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರದಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗುವ ಎಷ್ಟೋ ಜನರ ಬ್ಯಾಗಿನಲ್ಲಿ ಊಟದ ಡಬ್ಬಿಯ ಪಕ್ಕದಲ್ಲೇ ಕಂಪನಿಯ ಲ್ಯಾಪ್‌ಟಾಪ್ ಇರುತ್ತದೆ. ಆ ಲ್ಯಾಪ್‌ಟಾಪಿನೊಳಗೆ ಕಂಪನಿಯ ಸರ್ವರುಗಳಿಗೆ ಪ್ರವೇಶ ಕೊಡುವ, ಪ್ರೈವೇಟ್ ಕೀ ಎಂಬ ಒಂದು ಪುಟ್ಟ ಫೈಲ್ ಇರುತ್ತದೆ. ಈ ಫೈಲನ್ನು ಕಾಯುವುದು ಹೇಗೆ ಎಂದು ಅವರೂ, ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರೂ, ಟೆಂಡರ್ ಹಾಕುವ ಗುತ್ತಿಗೆದಾರರೂ, ಆಡಿಟರ್ ಕಚೇರಿಯ ಸಹಾಯಕರೂ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಕೆಲವಕ್ಕೆ ಉತ್ತರ ಉದ್ದವಾಗಿದೆ, ಕೆಲವಕ್ಕೆ ಎರಡು ಸಾಲು ಸಾಕಾಯಿತು.

ಯಾವ ಕೀ ಬಗ್ಗೆ ಮಾತಾಡುತ್ತಿದ್ದೀರಿ? ನನ್ನ ಬಳಿ ಅಂಥದ್ದು ಇದೆಯೇ?

ಸರ್ವರಿಗೆ ಅಥವಾ ಕೋಡ್ ಇಡುವ ತಾಣವಾದ ಗಿಟ್‌ಹಬ್‌ಗೆ ಎಸ್‌ಎಸ್‌ಎಚ್ (ದೂರದ ಯಂತ್ರದೊಳಗೆ ಸುರಕ್ಷಿತವಾಗಿ ಹೋಗುವ ವಿಧಾನ) ಮೂಲಕ ಹೋಗುತ್ತಿದ್ದರೆ ಇದೆ. ಜಿಪಿಜಿ ಎಂಬ ತಂತ್ರಾಂಶ ಬಳಸಿ ಇಮೇಲ್ ಅಥವಾ ಫೈಲುಗಳನ್ನು ಗೂಢಲಿಪಿಗೆ ತಿರುಗಿಸುತ್ತಿದ್ದರೆ ಇದೆ. ಲ್ಯಾಪ್‌ಟಾಪಿನ ಇಡೀ ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೂ (ಎಂದರೆ ಗೂಢಲಿಪಿಗೆ ತಿರುಗಿದ್ದರೂ), ಪಾಸ್‌ವರ್ಡುಗಳನ್ನು ಕೂಡಿಡುವ ಪಾಸ್‌ವರ್ಡ್ ಮ್ಯಾನೇಜರ್ ಇದ್ದರೂ ಒಳಗೊಂದು ಕೀ ಇದ್ದೇ ಇದೆ. ಎಸ್‌ಎಸ್‌ಎಚ್ ಮತ್ತು ಜಿಪಿಜಿಯಲ್ಲಿ ಕೀಗಳು ಜೋಡಿಯಾಗಿ ಹುಟ್ಟುತ್ತವೆ. ಪಬ್ಲಿಕ್ ಕೀಯನ್ನು ಊರಿಗೆಲ್ಲ ಹಂಚಬಹುದು. ಪ್ರೈವೇಟ್ ಕೀ ಮಾತ್ರ ನಿಮ್ಮದು. ಪಾಸ್‌ಫ್ರೇಸ್ ಎಂಬುದು ಈ ಪ್ರೈವೇಟ್ ಕೀ ಫೈಲನ್ನು ಓದಲಾಗದಂತೆ ಮುಚ್ಚಿಡುವ ಗುಟ್ಟಿನ ಸಾಲು. ಎಸ್‌ಎಸ್‌ಎಚ್ ಕೀ ಮಾಡುವಾಗ ಪಾಸ್‌ಫ್ರೇಸ್ ಕೇಳಿದ ಕಡೆ ಎರಡು ಸಲ ಎಂಟರ್ ಒತ್ತಿ ಮುಂದೆ ಹೋದವರ ಫೈಲಿಗೆ ಯಾವ ಮುಚ್ಚಳವೂ ಇಲ್ಲ. ಹಾಗೆ ಮಾಡಿದವರು ಬಹಳ ಜನ. ಮಾಡಲು ಹೇಳಿಕೊಡುವ ವಿಡಿಯೊಗಳಿಗೂ ಕೊರತೆಯಿಲ್ಲ.

ಬ್ಯಾಂಕಿನ ಎಟಿಎಂಗೆ ನಾಲ್ಕಂಕಿ ಸಾಕು. ಇದಕ್ಕೇಕೆ ಅಷ್ಟುದ್ದ?

ಎಟಿಎಂನಲ್ಲಿ ಊಹೆಗಳನ್ನು ಎಣಿಸುವವರು ಇದ್ದಾರೆ. ಕೆಲವು ಸಲ ತಪ್ಪು ಒತ್ತಿದರೆ ಕಾರ್ಡ್ ಸ್ಥಗಿತವಾಗುತ್ತದೆ. ವೆಬ್‌ಸೈಟುಗಳೂ ಸಾಮಾನ್ಯವಾಗಿ ಹೀಗೆಯೇ ತಡೆಯುತ್ತವೆ. ನಿಮ್ಮ ಪ್ರೈವೇಟ್ ಕೀ ಫೈಲು ಕಳ್ಳನ ಕೈಗೆ ಸಿಕ್ಕಿದರೆ ಎಣಿಸುವವರು ಯಾರೂ ಇಲ್ಲ. ಅವನು ಅದನ್ನು ತನ್ನ ಮನೆಗೆ ಒಯ್ದು, ಹತ್ತು ಯಂತ್ರಗಳಿಗೆ ಹಾಕಿ, ಹಗಲು ರಾತ್ರಿ ಊಹಿಸುತ್ತಾ ಕೂರಬಹುದು. ಎಷ್ಟು ಸಲ ಸೋತರೂ ಅವನಿಗೆ ದಂಡವಿಲ್ಲ, ಅಂಥದ್ದೊಂದು ನಡೆಯುತ್ತಿದೆ ಎಂಬ ಸುಳಿವು ನಿಮಗೂ ಸಿಗುವುದಿಲ್ಲ. ಪಾಸ್‌ಫ್ರೇಸಿನ ಉದ್ದಕ್ಕೆ ಇರುವ ಕಾರಣ ಇದೊಂದೇ.

ಲ್ಯಾಪ್‌ಟಾಪಿಗೆ ಲಾಗಿನ್ ಪಾಸ್‌ವರ್ಡ್ ಇದೆಯಲ್ಲ?

ಡಿಸ್ಕ್ ಎನ್‌ಕ್ರಿಪ್ಟ್ ಆಗಿಲ್ಲದಿದ್ದರೆ ಅದು ಹೊರಗಿನ ಗೇಟು ಮಾತ್ರ. ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಸಿಕ್ಕಿಸಿದರೆ ಫೈಲುಗಳೆಲ್ಲ ತೆರೆದುಕೊಳ್ಳುತ್ತವೆ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೂ ಕೀ ಫೈಲು ಅಲ್ಲೇ ಕೂತಿರುವುದಿಲ್ಲ: ಬ್ಯಾಕಪ್ ಪೆನ್‌ಡ್ರೈವಿಗೆ ಹೋಗುತ್ತದೆ, ಕ್ಲೌಡ್ ಫೋಲ್ಡರಿಗೆ ಹೋಗುತ್ತದೆ, ಹಳೆಯ ಲ್ಯಾಪ್‌ಟಾಪನ್ನು ರಿಪೇರಿಗೆ ಕೊಟ್ಟಾಗ ಅಂಗಡಿಗೂ ಹೋಗುತ್ತದೆ. ಪಾಸ್‌ಫ್ರೇಸ್ ಕೊಡುವ ರಕ್ಷಣೆ ಮಾತ್ರ ಫೈಲು ಹೋದಲ್ಲೆಲ್ಲ ಅದರ ಜೊತೆಗೇ ಹೋಗುತ್ತದೆ.

ಯಾರಿಗೂ ಹೊಳೆಯದಂಥ ಒಂದು ಸಾಲನ್ನು ನಾನೇ ಯೋಚಿಸಿಕೊಂಡರೆ ಆಗದೇ?

ಈ ಪ್ರಶ್ನೆಯೇ ಹೆಚ್ಚು ಸಲ ಬರುವುದು, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾರಿಗೂ ಹೊಳೆಯದು ಎಂದು ಎಲ್ಲರಿಗೂ ಅನ್ನಿಸುತ್ತದೆ. ನಮ್ಮ ಜಿಲ್ಲೆಯವರ ತಲೆಗೆ ಮೊದಲು ಬರುವುದು ಏನಿರಬಹುದು? ನಂದಿಬೆಟ್ಟ, ಸ್ಕಂದಗಿರಿ, ಭೋಗನಂದೀಶ್ವರ, ಮನೆದೇವರ ಹೆಸರು, ಮಗಳ ಹೆಸರು. ಹೆಸರಿನ ಬಾಲಕ್ಕೆ ಒಂದು ಸಂಖ್ಯೆ: ಪಿನ್‌ಕೋಡ್ 562101, ಗಾಡಿಯ ಕೆಎ 40, ಎಸ್‌ಟಿಡಿ ಕೋಡ್ 08156. ಚರಿತ್ರೆ ಓದಿಕೊಂಡವರಾದರೆ ವಿದುರಾಶ್ವತ್ಥದ ಗೋಲಿಬಾರಿನ 1938, ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರಿಗೆ ಭಾರತ ರತ್ನ ಬಂದ 1955, ಇಲ್ಲವೇ ಕೋಲಾರದಿಂದ ನಮ್ಮ ಜಿಲ್ಲೆ ಬೇರೆಯಾದ 2007. ಇವುಗಳನ್ನು ಹೇಗೆ ಜೋಡಿಸಿದರೂ ಒಟ್ಟು ಸಾಧ್ಯತೆಗಳು ಕೆಲವು ಲಕ್ಷ ದಾಟುವುದು ಕಷ್ಟ. ಯಂತ್ರಕ್ಕೆ ಅದು ಒಂದು ಗುಟುಕು.

ಇಂಗ್ಲಿಷಿನ ಒ ಅಕ್ಷರದ ಜಾಗಕ್ಕೆ ಸೊನ್ನೆ, ಎ ಜಾಗಕ್ಕೆ ಇಮೇಲ್ ವಿಳಾಸದ ಸುರುಳಿ ಚಿಹ್ನೆ, ಕೊನೆಗೊಂದು ಆಶ್ಚರ್ಯಸೂಚಕ ಹಾಕಿ ಜಾಣತನ ಮೆರೆಯುವವರಿದ್ದಾರೆ. ಜಾನ್ ದಿ ರಿಪ್ಪರ್, ಹ್ಯಾಶ್‌ಕ್ಯಾಟ್ ಮುಂತಾದ ಊಹಿಸುವ ತಂತ್ರಾಂಶಗಳಲ್ಲಿ ಈ ಬದಲಾವಣೆಗಳೆಲ್ಲ ಸಿದ್ಧ ನಿಯಮಗಳಾಗಿಯೇ ಇವೆ.

ಗಾದೆ, ವಚನದ ಸಾಲು, ಹಾಡಿನ ಪಲ್ಲವಿ ಕೂಡ ಬೇಡ. ಅಂತರ್ಜಾಲದಲ್ಲಿ ಎಲ್ಲೋ ಒಂದು ಕಡೆ ಟೈಪ್ ಆಗಿರುವ ಯಾವ ಸಾಲನ್ನಾದರೂ ಊಹೆಯ ಪಟ್ಟಿಗೆ ಸೇರಿಸಿಕೊಳ್ಳಬಹುದು. ಸ್ವಂತ ವಾಕ್ಯವಾದರೂ ಅದರಲ್ಲಿ ಒಂದು ಪದ ಮುಂದಿನ ಪದವನ್ನು ಕರೆಯುತ್ತದೆ. ‘ಅಜ್ಜಿ’ ಬಂದರೆ ‘ಕಥೆ’ ಹತ್ತಿರದಲ್ಲೇ ಇರುತ್ತದೆ. 1951ರಲ್ಲೇ ಗಣಿತಜ್ಞ ಕ್ಲಾಡ್ ಶ್ಯಾನನ್ ಇಂಗ್ಲಿಷ್ ಬರಹವನ್ನು ತೆಗೆದುಕೊಂಡು, ಹಿಂದಿನ ಭಾಗ ಓದಿದವರು ಮುಂದಿನ ಅಕ್ಷರವನ್ನು ಬಹುಮಟ್ಟಿಗೆ ಊಹಿಸಬಲ್ಲರು ಎಂದು ತೋರಿಸಿದ್ದರು. ಮನುಷ್ಯನ ತಲೆಗೆ ಯೋಚಿಸುವುದು ಗೊತ್ತು, ಯೋಚಿಸದೆ ಆರಿಸುವುದು ಗೊತ್ತಿಲ್ಲ.

ಹಾಗಾದರೆ ಆರಿಸುವುದು ಹೇಗೆ?

ದಾಳ ಎಸೆದು. ಆಟದ ಸಾಮಾನಿನ ಅಂಗಡಿಯಲ್ಲಿ ಸಿಗುವ, ಲೂಡೊ ಪೆಟ್ಟಿಗೆಯಲ್ಲಿರುವ ಅದೇ ಆರು ಮುಖದ ದಾಳ. 1995ರಲ್ಲಿ ಅರ್ನಾಲ್ಡ್ ರೀನ್‌ಹೋಲ್ಡ್ ಎಂಬುವರು ಡೈಸ್‌ವೇರ್ ಎಂಬ ವಿಧಾನ ಪ್ರಕಟಿಸಿದರು. ಅದರಲ್ಲಿ 7,776 ಪದಗಳ ಪಟ್ಟಿ ಇದೆ, ಪ್ರತಿ ಪದದ ಮುಂದೆ 1ರಿಂದ 6ರ ಒಳಗಿನ ಐದು ಅಂಕಿಗಳು. ದಾಳವನ್ನು ಐದು ಸಲ ಎಸೆದು ಬಂದ ಅಂಕಿಗಳನ್ನು ಸಾಲಾಗಿ ಬರೆದುಕೊಂಡು ಪಟ್ಟಿಯಲ್ಲಿ ನೋಡಿದರೆ ಒಂದು ಪದ ಸಿಗುತ್ತದೆ. 2016ರಲ್ಲಿ ಡಿಜಿಟಲ್ ಹಕ್ಕುಗಳಿಗಾಗಿ ಕೆಲಸ ಮಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಇದೇ ಗಾತ್ರದ, ಆದರೆ ಓದಲು ನೆನಪಿಡಲು ಹಗುರವಾದ ಪದಗಳ ಪಟ್ಟಿ ಮಾಡಿತು. ಇಂಗ್ಲಿಷ್ ಒಗ್ಗಿದವರಿಗೆ ಅದು ಚೆನ್ನಾಗಿದೆ.

ಎಷ್ಟು ಪದ? ಕಳ್ಳನ ಯಂತ್ರ ಸೆಕೆಂಡಿಗೆ ಒಂದು ಲಕ್ಷ ಕೋಟಿ ಊಹೆ ಮಾಡುತ್ತದೆ ಎಂದು ಇಟ್ಟುಕೊಳ್ಳೋಣ. ನಿಜಕ್ಕೂ ಕೀ ಫೈಲುಗಳ ಮೇಲೆ ಆ ವೇಗ ಬರುವುದು ಬಹಳ ಕಷ್ಟ, ಆದರೂ ಎದುರಾಳಿಯನ್ನು ದೊಡ್ಡವನೆಂದೇ ಎಣಿಸುವುದು ಒಳ್ಳೆಯದು. ಅವನ ಬಳಿ ನಿಮ್ಮ ಪಟ್ಟಿಯೂ ಇದೆ, ವಿಧಾನವೂ ಗೊತ್ತು. ನಾಲ್ಕು ಪದದ ಪಾಸ್‌ಫ್ರೇಸಿನ ಎಲ್ಲ ಸಾಧ್ಯತೆಗಳನ್ನು ಮುಗಿಸಲು ಅವನಿಗೆ ಸುಮಾರು ಒಂದು ಗಂಟೆ ಬೇಕು. ಐದು ಪದಕ್ಕೆ ಸುಮಾರು ಹನ್ನೊಂದು ತಿಂಗಳು. ಆರು ಪದಕ್ಕೆ ಏಳು ಸಾವಿರ ವರ್ಷ. ಸರಾಸರಿ ಅರ್ಧ ದಾರಿಯಲ್ಲೇ ಸಿಗುತ್ತದೆ ಎಂದು ಲೆಕ್ಕ ಹಾಕಿದರೂ ಮೂರೂವರೆ ಸಾವಿರ. ಆರು ಪದ ಹಾಕಿ. ಹತ್ತಾರು ವರ್ಷ ಗುಟ್ಟಾಗಿ ಉಳಿಯಬೇಕಾದ ವಿಷಯವಿದ್ದರೆ ಏಳು.

ಒಂದು ಎಚ್ಚರಿಕೆ. ಬಂದ ಪದ ಹಿಡಿಸಲಿಲ್ಲ ಎಂದು ಮತ್ತೆ ಎಸೆಯಬೇಡಿ, ಓದಲು ಚೆಂದವಾಗಲಿ ಎಂದು ಪದಗಳ ಕ್ರಮ ಬದಲಿಸಬೇಡಿ. ಹಿಡಿಸಿದ್ದನ್ನು ಉಳಿಸಿಕೊಳ್ಳಲು ಹೊರಟ ಕೂಡಲೇ ಆರಿಸುವವರು ಮತ್ತೆ ನೀವೇ ಆಗುತ್ತೀರಿ.

ಇಂಗ್ಲಿಷ್ ಪದಗಳು ನೆನಪಿನಲ್ಲಿ ನಿಲ್ಲುವುದಿಲ್ಲ. ಕನ್ನಡದ್ದೇ ಪಟ್ಟಿ ಮಾಡಿಕೊಳ್ಳಬಹುದೇ?

ಖಂಡಿತ, ನಾನು ಮೊದಲು ಹೇಳುವುದು ಇದನ್ನೇ. 7,776 ಪದ ಕೂಡಿಸುವ ಹಟ ಬೇಡ, 216 ಸಾಕು. ಮೂರು ಸಲ ದಾಳ ಎಸೆದರೆ 216 ಸಾಧ್ಯತೆಗಳು, ಒಂದೊಂದಕ್ಕೂ ಒಂದು ಪದ. ಪಟ್ಟಿ ಚಿಕ್ಕದಾದ್ದರಿಂದ ಪದಗಳ ಸಂಖ್ಯೆ ಹೆಚ್ಚಬೇಕು: ಆರರ ಬದಲು ಹತ್ತು. ಲೆಕ್ಕ ಮಾಡಿ ನೋಡಿ. ದೊಡ್ಡ ಪಟ್ಟಿಯಿಂದ ಆರು ಪದಕ್ಕೆ ಐದೈದರಂತೆ ಮೂವತ್ತು ಎಸೆತ. ಚಿಕ್ಕ ಪಟ್ಟಿಯಿಂದ ಹತ್ತು ಪದಕ್ಕೆ ಮೂರು ಮೂರರಂತೆ ಅದೇ ಮೂವತ್ತು ಎಸೆತ. ಬಲ ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ. ಪಾಸ್‌ಫ್ರೇಸಿನ ಬಲ ಪದಗಳು ಎಷ್ಟು ಅಪರೂಪ ಎಂಬುದರಲ್ಲಿಲ್ಲ, ದಾಳ ಎಷ್ಟು ಸಲ ಉರುಳಿತು ಎಂಬುದರಲ್ಲಿದೆ.

ಆದ್ದರಿಂದ ಪಟ್ಟಿಗೆ ಮನೆಯಲ್ಲಿ ದಿನವೂ ಓಡಾಡುವ ಪದಗಳನ್ನೇ ಧಾರಾಳವಾಗಿ ಹಾಕಬಹುದು: ಅವರೆಕಾಯಿ, ಬಸ್ಸಾರು, ಕೂರಿಗೆ, ಕುಂಟೆ, ಹಿಪ್ಪುನೇರಳೆ, ಚಂದ್ರಿಕೆ, ಕಲ್ಯಾಣಿ, ದ್ರಾಕ್ಷಿ, ಹುರುಳಿ, ಜಗಲಿ. ಶಿಡ್ಲಘಟ್ಟದ ರೇಷ್ಮೆ ಮನೆಯವರು ಗೂಡಿನ ಪದಗಳನ್ನು ಹಾಕಲಿ, ಚಿಂತಾಮಣಿಯವರು ಟೊಮೆಟೊ ಮಂಡಿಯ ಪದಗಳನ್ನು ಹಾಕಲಿ. ಒಂದೇ ಥರ ಕೇಳಿಸುವ ಎರಡು ಪದ ಮಾತ್ರ ಬೇಡ. ‘ಹಲಗೆ’ ಇದ್ದರೆ ‘ಹಲಿಗೆ’ ಬಿಡಿ. ಪಟ್ಟಿಯನ್ನು ನಾಲ್ಕು ಜನ ಸ್ನೇಹಿತರು ಹಂಚಿಕೊಂಡರೂ, ಗೋಡೆಗೆ ಅಂಟಿಸಿದರೂ ತೊಂದರೆಯಿಲ್ಲ. ವಿಧಾನವೆಲ್ಲ ಶತ್ರುವಿಗೆ ತಿಳಿದರೂ ಕೀ ಒಂದು ಗುಟ್ಟಾಗಿದ್ದರೆ ವ್ಯವಸ್ಥೆ ನಿಲ್ಲಬೇಕು ಎಂಬುದನ್ನು ಗೂಢಲಿಪಿ ತಜ್ಞ ಆಗಸ್ಟ್ ಕೆರ್ಕಾಫ್ಸ್ 1883ರಲ್ಲೇ ಹೇಳಿದ್ದಾರೆ. ಗುಟ್ಟಾಗಿರಬೇಕಾದದ್ದು ನಿಮ್ಮ ದಾಳದಲ್ಲಿ ಬಂದ ಅಂಕಿಗಳು ಮಾತ್ರ.

ಕನ್ನಡ ಲಿಪಿಯಲ್ಲೇ ಟೈಪ್ ಮಾಡಬಹುದಲ್ಲ?

ಆಸೆ ಒಳ್ಳೆಯದು, ಆದರೆ ಬೇಡ. ‘ಕೊ’ ಎಂಬ ಅಕ್ಷರವನ್ನೇ ನೋಡಿ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಅದನ್ನು ‘ಕ’ ಮತ್ತು ಒಕಾರದ ಒಂದೇ ಗುರುತು ಎಂದು ಬರೆಯಬಹುದು. ‘ಕ’, ಎಕಾರದ ಗುರುತು, ಊಕಾರದ ಗುರುತು ಎಂದು ಮೂರು ತುಂಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಬೈಟುಗಳಲ್ಲಿ, ಎಂದರೆ ಯಂತ್ರ ಉಳಿಸಿಕೊಳ್ಳುವ ಸಂಖ್ಯೆಗಳಲ್ಲಿ, ಎರಡೂ ಬೇರೆ. ಪಾಸ್‌ಫ್ರೇಸ್ ಓದುವ ತಂತ್ರಾಂಶ ನೋಡುವುದು ಬೈಟುಗಳನ್ನು, ಹೀಗಾಗಿ ಒಂದು ಕೀಬೋರ್ಡಿನಲ್ಲಿ ಇಟ್ಟ ಪಾಸ್‌ಫ್ರೇಸ್ ಇನ್ನೊಂದು ಕೀಬೋರ್ಡಿನಲ್ಲಿ ತಪ್ಪಾಗಬಹುದು. ‘ಕೀ’, ‘ಕೇ’, ‘ಕೈ’, ‘ಕೋ’ ಇವುಗಳಿಗೂ ಇದೇ ಕಾಟ. ಇನ್ನು ‘ರಾಜ್‌ಕುಮಾರ್’ ಎಂದು ಬರೆಯುವಾಗ ಒತ್ತಕ್ಷರವಾಗದಂತೆ ‘ಜ್’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂರುತ್ತದೆ. ಪಾಸ್‌ಫ್ರೇಸ್ ಟೈಪಿಸುವ ಪೆಟ್ಟಿಗೆಯಲ್ಲಿ ಕಾಣುವುದು ಚುಕ್ಕೆಗಳು ಮಾತ್ರ, ಎಲ್ಲಿ ಎಡವಿದಿರಿ ಎಂದು ತಿಳಿಯುವ ದಾರಿಯೇ ಇಲ್ಲ. ಡಿಸ್ಕ್ ಪಾಸ್‌ಫ್ರೇಸ್ ಕೇಳುವ ಹೊತ್ತಿಗೆ ಲ್ಯಾಪ್‌ಟಾಪ್ ಇನ್ನೂ ಪೂರ್ತಿ ಎದ್ದಿರುವುದಿಲ್ಲ, ಅಲ್ಲಿ ಕನ್ನಡ ಕೀಬೋರ್ಡ್ ಸಾಮಾನ್ಯವಾಗಿ ಇರುವುದಿಲ್ಲ.

ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ಆಗ ಬೇರೆ ಗೊಂದಲ ಶುರುವಾಗುತ್ತದೆ: ದೀರ್ಘಕ್ಕೆ ಎ ಒಂದೋ ಎರಡೋ, ಹುರುಳಿಯ ‘ಳ’ ದೊಡ್ಡ ಎಲ್ಲೋ ಚಿಕ್ಕದೋ? ಪಟ್ಟಿ ಮಾಡುವಾಗಲೇ ಪ್ರತಿ ಪದದ ಪಕ್ಕ ಇಂಗ್ಲಿಷ್ ಕಾಗುಣಿತವನ್ನೂ ಬರೆದು ನಿಗದಿ ಮಾಡಿಬಿಡಿ. ಎಲ್ಲವೂ ಚಿಕ್ಕಕ್ಷರ, ಪದಗಳ ನಡುವೆ ಒಂದು ಖಾಲಿ ಜಾಗ.

ಅಂಕಿ, ದೊಡ್ಡಕ್ಷರ, ಚಿಹ್ನೆ ಬೇಡವೇ?

ಬೇಡ. ಯಾವುದಾದರೂ ತಂತ್ರಾಂಶ ಹಟ ಹಿಡಿದರೆ ಕೊನೆಯಲ್ಲಿ ಒಂದೊಂದು ಹಾಕಿ ಅದನ್ನು ಸಮಾಧಾನಪಡಿಸಿ. ಅದರಿಂದ ಬಲ ಬಂತು ಎಂದು ಮಾತ್ರ ಲೆಕ್ಕ ಹಿಡಿಯಬೇಡಿ.

ದಾಳ ಉರುಳಿಸುವ ಬದಲು ಚಾಟ್‌ಬಾಟನ್ನೋ ವೆಬ್‌ಸೈಟನ್ನೋ ಕೇಳಿದರೆ?

ಪಾಸ್‌ವರ್ಡ್ ಮ್ಯಾನೇಜರಿನೊಳಗೇ ಇರುವ ಪದ ಆರಿಸುವ ಸೌಲಭ್ಯ ಪರವಾಗಿಲ್ಲ, ಅದು ನಿಮ್ಮ ಯಂತ್ರದಲ್ಲೇ ನಡೆಯುತ್ತದೆ. ವೆಬ್‌ಸೈಟ್ ಕೊಟ್ಟ ಪಾಸ್‌ಫ್ರೇಸ್ ಇನ್ನೊಬ್ಬರಿಗೂ ಗೊತ್ತಿರಬಹುದು. ಚಾಟ್‌ಬಾಟ್ ಪದಗಳನ್ನು ದಾಳದಂತೆ ಆರಿಸುವುದಿಲ್ಲ, ಬರಹದಲ್ಲಿ ಕಂಡ ಒಲವುಗಳ ಮೇಲೆ ಆರಿಸುತ್ತದೆ. ಜೊತೆಗೆ ನಿಮ್ಮ ಸಂಭಾಷಣೆ ಬೇರೆಯವರ ಸರ್ವರಿನಲ್ಲಿ ಉಳಿಯುತ್ತದೆ. ದಾಳ ಸ್ವಲ್ಪ ಸೊಟ್ಟಗಿದ್ದರೂ ಅದೇ ಮೇಲು.

ಕೀ ಫೈಲೇ ಊಹೆಯನ್ನು ನಿಧಾನ ಮಾಡುತ್ತದೆಯಂತೆ. ಹಾಗಿದ್ದರೆ ಪದ ಕಡಿಮೆ ಮಾಡಬಹುದೇ?

ನಿಧಾನ ಮಾಡುವುದು ನಿಜ. ಪಾಸ್‌ಫ್ರೇಸಿನಿಂದ ಕೀಯ ಮುಚ್ಚಳ ತೆರೆಯುವ ಲೆಕ್ಕವನ್ನು ಬೇಕೆಂದೇ ಮತ್ತೆ ಮತ್ತೆ ಮಾಡಿಸುವ ವಿಧಾನಗಳಿವೆ: ಬಿಕ್ರಿಪ್ಟ್, ಎಸ್‌ಕ್ರಿಪ್ಟ್, 2015ರ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆಯಲ್ಲಿ ಗೆದ್ದ ಆರ್ಗಾನ್2. ನಿಮಗೆ ಅರ್ಧ ಸೆಕೆಂಡು ಕಾಯುವುದು ಲೆಕ್ಕಕ್ಕಿಲ್ಲ, ಕೋಟಿಗಟ್ಟಲೆ ಊಹಿಸುವವನಿಗೆ ಅದು ಭಾರ. ಆದರೆ ಕೆಲಸವನ್ನು ಸಾವಿರ ಪಟ್ಟು ನಿಧಾನ ಮಾಡಿದರೂ ಸಿಗುವ ಲಾಭ ದೊಡ್ಡ ಪಟ್ಟಿಯ ಒಂದು ಪದಕ್ಕಿಂತ ಕಡಿಮೆ. ಒಂದು ಪದ ಕಷ್ಟವನ್ನು 7,776 ಪಟ್ಟು ಹೆಚ್ಚಿಸುತ್ತದೆ. ನಿಧಾನವನ್ನು ಉಚಿತವಾಗಿ ಬಂದ ಲಾಭ ಎಂದು ಇಟ್ಟುಕೊಳ್ಳಿ, ಪದ ಕಡಿಮೆ ಮಾಡಬೇಡಿ.

ಎಸ್‌ಎಸ್‌ಎಚ್ ಬಳಸುವವರು ಒಂದು ವಿಷಯ ಈಗಲೇ ನೋಡಿಕೊಳ್ಳಬೇಕು. ಪ್ರೈವೇಟ್ ಕೀ ಫೈಲಿನ ಮೊದಲ ಸಾಲಿನಲ್ಲಿ ‘ಬಿಗಿನ್ ಆರ್‌ಎಸ್‌ಎ ಪ್ರೈವೇಟ್ ಕೀ’ ಎಂದಿದ್ದರೆ ಅದು ಹಳೆಯ ನಮೂನೆ, ಅದರಲ್ಲಿ ಈ ನಿಧಾನದ ರಕ್ಷಣೆ ಇಲ್ಲವೇ ಇಲ್ಲ ಎನ್ನಬಹುದು. 2018ರ ಓಪನ್‌ಎಸ್‌ಎಸ್‌ಎಚ್ 7.8 ಆವೃತ್ತಿಯಿಂದ ಹೊಸ ನಮೂನೆ ತಾನಾಗಿ ಬರುತ್ತದೆ, ಅದರ ಮೊದಲ ಸಾಲಿನಲ್ಲಿ ‘ಓಪನ್‌ಎಸ್‌ಎಸ್‌ಎಚ್’ ಎಂಬ ಹೆಸರಿರುತ್ತದೆ. ಹೊಸ ಆವೃತ್ತಿಯಲ್ಲಿ ಎಸ್‌ಎಸ್‌ಎಚ್-ಕೀಜೆನ್ ಆಜ್ಞೆಯನ್ನು ಪಿ ಆಯ್ಕೆಯೊಂದಿಗೆ ಕೊಟ್ಟು ಪಾಸ್‌ಫ್ರೇಸ್ ಬದಲಿಸಿದರೆ ಫೈಲು ಹೊಸ ನಮೂನೆಗೆ ಬರುತ್ತದೆ.

ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು ಅಪಾಯವಲ್ಲವೇ?

ಅಮೆರಿಕದಲ್ಲಿ ಕೂತು ಊಹಿಸುವವನಿಗೆ ನಿಮ್ಮ ಬೀರು ತೆಗೆಯಲಾಗದು. ಹೊಸ ಪಾಸ್‌ಫ್ರೇಸನ್ನು ಚೀಟಿಯಲ್ಲಿ ಬರೆದು, ಲ್ಯಾಪ್‌ಟಾಪ್ ಬ್ಯಾಗಿನಲ್ಲಲ್ಲದೆ ಬೇರೆ ಕಡೆ ಇಡಿ. ಮೊದಲ ಕೆಲವು ವಾರ ದಿನಕ್ಕೆರಡು ಸಲ ನೋಡದೆ ಟೈಪ್ ಮಾಡಿ, ಬೆರಳಿಗೆ ಹತ್ತುತ್ತದೆ. ಪದಗಳು ಬಂದ ಕ್ರಮದಲ್ಲೇ ಒಂದು ಅಸಂಬದ್ಧ ಕಥೆ ಕಟ್ಟಿಕೊಂಡರೆ ಇನ್ನೂ ಬೇಗ: ಕೂರಿಗೆಯ ಮೇಲೆ ಬಸ್ಸಾರು ಚೆಲ್ಲಿತು, ಜಗಲಿ ನಕ್ಕಿತು, ಹೀಗೆ. ಆಮೇಲೆ ಚೀಟಿಯನ್ನು ಮನೆಪತ್ರಗಳ ಜೊತೆ ಬೀರುವಿಗೋ ಲಾಕರಿಗೋ ಸೇರಿಸಿ. ಹರಿದು ಹಾಕಬೇಡಿ. ನಿಮಗೇನಾದರೂ ಆದರೆ ಮನೆಯವರಿಗೆ ಬೇಕಾಗುತ್ತದೆ. ಫೋಟೊ ತೆಗೆದು ವಾಟ್ಸಾಪಿನಲ್ಲಿ ತಮಗೆ ತಾವೇ ಕಳಿಸಿಕೊಳ್ಳುವ ಅಭ್ಯಾಸವನ್ನು ಮಾತ್ರ ದಯವಿಟ್ಟು ಬಿಡಿ.

ಪ್ರತಿ ಸಲ ಹತ್ತು ಪದ ಟೈಪ್ ಮಾಡುತ್ತಾ ಕೂತರೆ ಕೆಲಸ ಮಾಡುವುದು ಯಾವಾಗ?

ಪ್ರತಿ ಸಲ ಬೇಕಿಲ್ಲ. ಎಸ್‌ಎಸ್‌ಎಚ್ ಮತ್ತು ಜಿಪಿಜಿ ಎರಡಕ್ಕೂ ಏಜೆಂಟ್ ಎಂಬ ಸಹಾಯಕ ಪ್ರೋಗ್ರಾಂ ಇದೆ. ಒಮ್ಮೆ ಹೇಳಿದರೆ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಜಿಪಿಜಿಯ ಏಜೆಂಟ್ ಸುಮ್ಮನಿದ್ದರೆ 600 ಸೆಕೆಂಡಿಗೆ, ಬಳಸುತ್ತಲೇ ಇದ್ದರೂ ಎರಡು ಗಂಟೆಗೆ ಮರೆಯುತ್ತದೆ. ಈ ಅವಧಿಗಳನ್ನು ಬದಲಿಸಿಕೊಳ್ಳಬಹುದು. ರೈಲಿನಲ್ಲಿ ನಿದ್ದೆ ಹೋಗುವವರು ಅದಕ್ಕೂ ಮೊದಲು ಪರದೆ ಮುಚ್ಚಿ ಲಾಕ್ ಮಾಡಲಿ.

ಮರೆತುಹೋದರೆ?

ಹೋಯಿತು. ಒಟಿಪಿ ಇಲ್ಲ, ಸಹಾಯವಾಣಿ ಇಲ್ಲ. ಎಸ್‌ಎಸ್‌ಎಚ್ ಆದರೆ ಹೊಸ ಜೋಡಿ ಮಾಡಿ, ಹೊಸ ಪಬ್ಲಿಕ್ ಕೀಯನ್ನು ಸರ್ವರಿಗೆ ಸೇರಿಸಿ, ಹಳೆಯದನ್ನು ತೆಗೆಸಿದರೆ ಮುಗಿಯಿತು. ಜಿಪಿಜಿ ಆದರೆ ಕೀ ಮಾಡುವಾಗಲೇ ತಾನಾಗಿ ಬರೆದಿಡುವ ರದ್ದತಿ ಪ್ರಮಾಣಪತ್ರವನ್ನು ಪ್ರಕಟಿಸಿ ‘ಈ ಕೀ ಇನ್ನು ಬಳಸಬೇಡಿ’ ಎಂದು ಸಾರಬಹುದು. ಹಳೆಯ ಗೂಢಲಿಪಿ ಕಡತಗಳು ಮಾತ್ರ ವಾಪಸು ಬರುವುದಿಲ್ಲ. ಡಿಸ್ಕಿನದು ಮರೆತರೆ ಮದುವೆ ಫೋಟೊಗಳೂ ಅದರ ಜೊತೆಗೇ. ಬೀರುವಿನ ಚೀಟಿ ಇದಕ್ಕೇ.

ಮೂರು ತಿಂಗಳಿಗೊಮ್ಮೆ ಬದಲಿಸಬೇಕೇ?

ಬೇಕಿಲ್ಲ. ಕಾರಣವಿಲ್ಲದೆ ಕಾಲಕಾಲಕ್ಕೆ ಪಾಸ್‌ವರ್ಡ್ ಬದಲಿಸಲು ಒತ್ತಾಯಿಸಬಾರದು ಎಂದು ಅಮೆರಿಕದ ಮಾನದಂಡಗಳ ಸಂಸ್ಥೆಯಾದ ನಿಸ್ಟ್ 2017ರ ಮಾರ್ಗಸೂಚಿಯಲ್ಲೇ ಹೇಳಿದೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪಾಸ್‌ಫ್ರೇಸ್ ಬದಲಿಸಿದರೆ ಮುಚ್ಚಳ ಬದಲಾಯಿತು, ಕೀ ಅದೇ. ಹಳೆಯ ಪೆನ್‌ಡ್ರೈವಿನಲ್ಲಿರುವ ನಕಲು ಹಳೆಯ ಪಾಸ್‌ಫ್ರೇಸಿಗೇ ತೆರೆಯುತ್ತದೆ. ಫೈಲು ಕಳುವಾಗಿದೆ ಎಂಬ ಅನುಮಾನ ಬಂದರೆ ಕೀಯನ್ನೇ ಬದಲಿಸಬೇಕು.

ಟೆಂಡರ್‌ಗೆ, ಜಿಎಸ್‌ಟಿಗೆ ಬಳಸುವ ಡಿಎಸ್‌ಸಿ ಟೋಕನ್ನಿಗೂ ಹತ್ತು ಪದ ಬೇಕೇ?

ಇಲ್ಲ, ಅದರ ಸ್ವಭಾವ ಬೇರೆ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ನಿನಲ್ಲಿ ಪ್ರೈವೇಟ್ ಕೀ ಚಿಪ್ಪಿನೊಳಗೇ ಇರುತ್ತದೆ, ನಕಲು ಮಾಡಿ ಹೊರಗೆ ತೆಗೆಯಲು ಬಿಡುವುದಿಲ್ಲ. ತಪ್ಪು ಪಿನ್‌ಗಳನ್ನು ಚಿಪ್ಪೇ ಎಣಿಸಿ ಲಾಕ್ ಆಗುತ್ತದೆ. ಹಾಗಾಗಿ ಜನ್ಮದಿನವಲ್ಲದ, ಫೋನ್ ನಂಬರಲ್ಲದ ಎಂಟಂಕಿ ಪಿನ್ ಸಾಕು. ಕಾರ್ಖಾನೆಯಿಂದ ಬಂದ ಪಿನ್ ಹಾಗೆಯೇ ಇದ್ದರೆ ಮೊದಲು ಅದನ್ನು ಬದಲಿಸಿ.

ಟೋಕನ್ನಿನ ತೊಂದರೆ ಪಿನ್ನಿನ ಉದ್ದದಲ್ಲಿಲ್ಲ, ಅದು ಯಾರ ಮೇಜಿನ ಮೇಲಿದೆ ಎಂಬುದರಲ್ಲಿದೆ. ಇಪ್ಪತ್ತು ಕಕ್ಷಿದಾರರ ಟೋಕನ್‌ಗಳು ಒಂದೇ ಡಬ್ಬಿಯಲ್ಲಿ, ಒಂದೊಂದರ ಬೆನ್ನಿಗೂ ಹೆಸರು ಮತ್ತು ಪಿನ್ ಬರೆದ ಸ್ಟಿಕ್ಕರ್: ಈ ದೃಶ್ಯ ನಮ್ಮ ಕಡೆ ಅಪರೂಪವಲ್ಲ. ‘ನಮ್ಮ ಆಡಿಟರ್ ಸರ್ ನಂಬಿಕಸ್ತರು’ ಎನ್ನುತ್ತಾರೆ. ಇರಬಹುದು, ಅವರ ಕಚೇರಿಗೆ ಕಳೆದ ವಾರ ಸೇರಿದ ಹುಡುಗ ನಿಮಗೆ ಗೊತ್ತೇ? 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಕಲಮಿನ ಪ್ರಕಾರ ಪ್ರೈವೇಟ್ ಕೀಯನ್ನು ತನ್ನ ಹತೋಟಿಯಲ್ಲಿಟ್ಟುಕೊಳ್ಳುವ ಎಚ್ಚರ ಚಂದಾದಾರನದ್ದೇ, ಎಂದರೆ ಪ್ರಮಾಣಪತ್ರ ಯಾರ ಹೆಸರಿನಲ್ಲಿದೆಯೋ ಅವನದ್ದೇ. ಅದು ಬೇರೆಯವರ ಕೈಗೆ ಹೋಗಿದೆ ಎಂದು ತಿಳಿದರೆ ತಡಮಾಡದೆ ಪ್ರಮಾಣಪತ್ರ ಕೊಟ್ಟ ಸಂಸ್ಥೆಗೆ ತಿಳಿಸಬೇಕಾದವನೂ ಅವನೇ. ಸಹಿ ಹಾಕುವ ದಿನ ಹೋಗಿ ಪಕ್ಕದಲ್ಲಿ ಕೂತು ಪಿನ್ನನ್ನು ನೀವೇ ಒತ್ತಿ, ಟೋಕನ್ ಜೇಬಿಗೆ ಹಾಕಿಕೊಂಡು ಬನ್ನಿ.

ನನ್ನ ಪಾಸ್‌ಫ್ರೇಸ್ ಕಳಿಸುತ್ತೇನೆ. ಗಟ್ಟಿಯಾಗಿದೆಯೇ ಎಂದು ನೋಡಿ ಹೇಳುತ್ತೀರಾ?

ಇಲ್ಲ. ಈಗಾಗಲೇ ಯಾರಿಗಾದರೂ ಕಳಿಸಿದ್ದರೆ ದಾಳ ತೆಗೆದುಕೊಂಡು ಮತ್ತೆ ಮೂವತ್ತು ಸಲ ಎಸೆಯಿರಿ.